ದೇವರ ಕೊಪ್ಪರಿಗೆ ಸೂರತ್ತಿಗೆ ಬಂದ ಕಥೆ

ವಡೋದರಾದಲ್ಲಿ ಹೊಸಬರ ಪರಿಚಯವಾದರೆ ಹೆಸರಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ‘ತಮಾರಿ ಅಟಕ್ ಶುಂ ಛೆ?’ ಅಟಕ್ ಅಂದರೆ ಅಡ್ಡಹೆಸರು. ಧಾರವಾಡದ ಕಡೆಯಿಂದ ಹೋದ ನನಗೆ ಈ ಪ್ರಶ್ನೆ ಕೇಳಿ ಖುಷಿಯೇ ಆಯಿತು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ, ಹಿರೇಮಠ, ಪತ್ತಾರ, ಕುಲಕರ್ಣಿ ಎಂದು ಹಾಜರಿ ಕೂಗುವ ಶಾಲೆಯಲ್ಲಿ ಓದಿದವರಿಗೆ ಪ್ರತಿ ಅಡ್ಡಹೆಸರಿನ ಹಿಂದೆ ಒಂದು ಊರೋ ಕಸುಬೋ ಮರೆತುಹೋದ ಪ್ರಸಂಗವೋ ಇರುತ್ತದೆ ಎಂಬುದು ಗೊತ್ತು. ವಡೋದರಾದ ರಾಜಮನೆತನದ ಹೆಸರೇ ಅಂಥದು. ಗಾಯ್ ಅಂದರೆ ಆಕಳು, ಕವಾಡ ಅಂದರೆ ಬಾಗಿಲು. ಅಪಾಯದಲ್ಲಿದ್ದ ಆಕಳ ಹಿಂಡನ್ನು ಕೋಟೆಯ ಬಾಗಿಲೊಳಗೆ ಸೇರಿಸಿಕೊಂಡು ಕಾಪಾಡಿದ ಪೂರ್ವಜನಿಂದ ಗಾಯಕವಾಡ ಎಂಬ ಹೆಸರು ಬಂತು ಎಂದು ಆ ಮನೆತನದ ಐತಿಹ್ಯ ಹೇಳುತ್ತದೆ.

ಮಾಂಡವಿಯಿಂದ ನ್ಯಾಯಮಂದಿರದ ಕಡೆಗೆ ನಡೆಯುತ್ತ ಅಂಗಡಿಗಳ ಫಲಕ ಓದಿದೆ. ಪಟೇಲ, ಶಾಹ, ಅಮೀನ, ದೇಸಾಯಿ. ನಡುವೆ ಅಲ್ಲೊಂದು ಇಲ್ಲೊಂದು ಪಾರ್ಸಿ ಹೆಸರು: ಬರುಚಾ, ಕಂಟ್ರಾಕ್ಟರ್, ದಾರೂವಾಲಾ. ಬರುಚಾ ಎಂದರೆ ಭರೂಚ್ ಊರಿನವನು. ನಮ್ಮಲ್ಲಿ ಗೋಕಾಕದವರು ಗೋಕಾಕ ಆದ ಹಾಗೆ. ಹೆಸರಿನ ಜೊತೆ ಊರನ್ನು ಹೊತ್ತುಕೊಂಡು ತಿರುಗುವ ಈ ಪದ್ಧತಿ ತುಂಗಭದ್ರೆಯಿಂದ ತಾಪಿಯವರೆಗೂ ಒಂದೇ.

ಆದರೆ ನನ್ನನ್ನು ಈ ಸೀಮೆಗೆ ಎಳೆದುಕೊಂಡು ಬಂದ ಅಟಕ್ ಗುಜರಾತಿನದಲ್ಲ, ಭಾರತದ್ದೂ ಅಲ್ಲ. ಅದು ಆಂಕ್ತಿಲ್. ಫ್ರಾನ್ಸಿನ ಉತ್ತರ ಅಂಚಿನ ನಾರ್ಮಂಡಿ ಪ್ರಾಂತದಿಂದ ಬಂದ, ಆ ದೇಶದಲ್ಲಿಯೂ ಅಪರೂಪವಾದ ಹೆಸರು. ಎರಡೂವರೆ ಶತಮಾನದ ಹಿಂದೆ ಈ ಹೆಸರಿನ ತರುಣನೊಬ್ಬ ಸೂರತ್ತಿಗೆ ಬಂದು, ಒಬ್ಬ ಪಾರ್ಸಿ ದಸ್ತೂರನ, ಅಂದರೆ ಪುರೋಹಿತನ ಎದುರು ಕುಳಿತು ಪಾರ್ಸಿಗಳ ಪವಿತ್ರ ಗ್ರಂಥ ಅವೆಸ್ತಾ ಕಲಿತ. ಅವನ ಹೆಸರಿನ ಮೊದಲ ಅಕ್ಷರಗಳಿಗೂ ಅವನು ಕಲಿಯಲು ಬಂದ ಗ್ರಂಥದ ದೇವರ ಹೆಸರಿಗೂ ಇರುವ ನಂಟು ಗೊತ್ತಾದ ಮೇಲೆ ನನಗೆ ಸೂರತ್ ನೋಡದೆ ಇರಲಾಗಲಿಲ್ಲ.

ವಡೋದರಾದಿಂದ ಸೂರತ್ ಸುಮಾರು 130 ಕಿ.ಮೀ. ರೈಲು ಹೊರಟ ಮೇಲೆ ಹತ್ತಿಯ ಹೊಲ, ಬಾಳೆಯ ತೋಟ, ಕಾರ್ಖಾನೆಯ ಚಿಮಣಿ. ಭರೂಚ್ ಹತ್ತಿರವಾದಂತೆ ಬೋಗಿಯೊಳಗೆ ಖಾರಿ ಸಿಂಗ್ ಮಾರುವವರು ಹತ್ತುತ್ತಾರೆ. ಉಪ್ಪು ಹಚ್ಚಿ ಹುರಿದ, ಸಿಪ್ಪೆ ತಾನಾಗಿ ಉದುರುವ ಶೇಂಗಾ. ಅದನ್ನು ತಿನ್ನುತ್ತ ಕಿಟಕಿಯ ಹೊರಗೆ ನೋಡಿದರೆ ನರ್ಮದೆ. ಸಮುದ್ರ ಸೇರುವ ಆತುರವೇ ಇಲ್ಲದ, ದಡ ಕಾಣದಷ್ಟು ಅಗಲವಾದ ಹೊಳೆ. ಪಕ್ಕದಲ್ಲಿ 1881ರ ಹಳೆಯ ಕಬ್ಬಿಣದ ಸೇತುವೆ. ಬರುಚಾಗಳ ಊರು ದಾಟಿತು, ಇನ್ನು ಮುಂದೆ ಸುರ್ತಿಗಳ ಊರು.

ಅಬ್ರಹಾಂ ಯಾಸಾಂತ್ ಆಂಕ್ತಿಲ್ ಹುಟ್ಟಿದ್ದು 1731ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ. ಅಪ್ಪ ಸಂಬಾರ ಪದಾರ್ಥಗಳ ವ್ಯಾಪಾರಿ. ನಮ್ಮ ಕಡೆಯಾಗಿದ್ದರೆ ಅಡ್ಡಹೆಸರು ಮೆಣಸಿನಕಾಯಿ ಎಂದೋ ಜೀರಿಗೆ ಎಂದೋ ಇರುತ್ತಿತ್ತು. ಹುಡುಗ ಹೀಬ್ರೂ, ಅರಬ್ಬಿ, ಫಾರಸಿ ಓದಿಕೊಂಡ. 1754ರಲ್ಲಿ ಪ್ಯಾರಿಸ್ಸಿನ ವಿದ್ವಾಂಸರೊಬ್ಬರು ಅವನಿಗೆ ನಾಲ್ಕು ಹಾಳೆ ತೋರಿಸಿದರು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸರಪಳಿ ಹಾಕಿ ಇಟ್ಟಿದ್ದ, ಅವೆಸ್ತಾದ ಒಂದು ಭಾಗವಾದ ವೆಂದಿದಾದ್‌ನ ಹಸ್ತಪ್ರತಿಯಿಂದ ಇಳಿಸಿಕೊಂಡ ನಕಲು ಅದು. ಯುರೋಪಿನಲ್ಲಿ ಒಬ್ಬರಿಗೂ ಅದರ ಒಂದು ಸಾಲು ಓದಲು ಬರುತ್ತಿರಲಿಲ್ಲ. ಆ ಹಸ್ತಪ್ರತಿ ಇಂಗ್ಲೆಂಡಿಗೆ ಹೋದದ್ದಾದರೂ ಎಲ್ಲಿಂದ? ಸೂರತ್ತಿನ ಪಾರ್ಸಿಗಳ ಕೈಯಿಂದಲೇ.

ನಾಲ್ಕು ಹಾಳೆ ನೋಡಿದವನು ಊರು ಬಿಟ್ಟ. ಭಾರತಕ್ಕೆ ಹೋಗಲು ಹಣವಿರಲಿಲ್ಲ. ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಹೆಸರು ಬರೆಸಿ, ಚಳಿಗಾಲದ ಮೊದಲಿಗೆ ಇತರ ಸಿಪಾಯಿಗಳ ಜೊತೆ ಕಾಲ್ನಡಿಗೆಯಲ್ಲಿ ಲೋರಿಯಾಂ ಬಂದರಿಗೆ ಹೊರಟ. ಗಂಟಿನಲ್ಲಿ ಎರಡು ಅಂಗಿ, ಎರಡು ಕರವಸ್ತ್ರ, ಒಂದು ಜೊತೆ ಕಾಲುಚೀಲ, ಒಂದು ಹೀಬ್ರೂ ಬೈಬಲ್, ಮೊಂತೇನ್‌ನ ಪ್ರಬಂಧಗಳು. ಅವನಿಗೆ ಆಗಿನ್ನೂ ಇಪ್ಪತ್ಮೂರು ವರ್ಷ ತುಂಬಿರಲಿಲ್ಲ. ಬಂದರು ಮುಟ್ಟುವಷ್ಟರಲ್ಲಿ ಪ್ಯಾರಿಸ್ಸಿನ ಸ್ನೇಹಿತರು ದೊರೆಯ ಕಡೆಯಿಂದ ಒಂದಿಷ್ಟು ಸಂಬಳ, ಹಡಗಿನಲ್ಲಿ ಪುಕ್ಕಟೆ ಪಯಣ ಕೊಡಿಸಿದ್ದರು.

1755ರ ಆಗಸ್ಟಿನಲ್ಲಿ ಪುದುಚೇರಿಗೆ ಬಂದಿಳಿದ. ಅಲ್ಲಿಂದ ಬಂಗಾಳದ ಚಂದನನಗರಕ್ಕೆ. 1757ರಲ್ಲಿ ಇಂಗ್ಲಿಷರು ಚಂದನನಗರವನ್ನು ಹಿಡಿದಾಗ ಒಡಿಶಾದ ದಾರಿ ಹಿಡಿದು, ನೆಲದ ಮೇಲೆಯೇ ಪುದುಚೇರಿಗೆ ವಾಪಸು ನಡೆದ. ಅಷ್ಟರಲ್ಲಿ ಸೂರತ್ತಿನ ಫ್ರೆಂಚ್ ಕೋಠಿಯಿಂದ, ಅಂದರೆ ವ್ಯಾಪಾರದ ಠಾಣೆಯಿಂದ, ಪತ್ರ ಬಂದಿತ್ತು: ಇಲ್ಲಿಯ ದಸ್ತೂರರು ಕಲಿಸಲು ಒಪ್ಪಿದ್ದಾರೆ, ಬಾ. ಹಡಗಿನಲ್ಲಿ ಮಾಹೆಯವರೆಗೆ ಹೋಗಿ ಇಳಿದ. ಉಳಿದ ದಾರಿಯನ್ನು ನಡೆದೂ ಕುದುರೆ ಏರಿಯೂ ಸಾಗಿಸಿದ. ಗೋವಾ, ಔರಂಗಾಬಾದ್, ಎಲ್ಲೋರ ದಾಟಿ 1758ರ ಮೇ 1ರಂದು ಸೂರತ್ ಸೇರಿದ.

ಭೂಪಟ ತೆಗೆದು ನೋಡಿ. ಮಲಬಾರಿನ ಮಾಹೆಯಿಂದ ಗೋವಾಕ್ಕೆ ನೆಲದ ಮೇಲೆ ಹೋಗುವವರಿಗೆ ನಡುವೆ ಇರುವುದು ನಮ್ಮ ಕರಾವಳಿ. ಆಗ ಅದು ಕೆಳದಿಯವರ ನಾಡು. ಹೈದರಾಲಿ ಬಿದನೂರನ್ನು ಹಿಡಿಯುವುದಕ್ಕೆ ಇನ್ನೂ ಐದಾರು ವರ್ಷ ಇತ್ತು, ರಾಣಿ ವೀರಮ್ಮಾಜಿಯ ಕಾಲ. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿ, ಒಂದರ ಹಿಂದೊಂದು ಹೊಳೆಬಾಯಿ ದಾಟುವ ದಾರಿ ಅದು. ಸೂರತ್ತಿನ ಒಬ್ಬ ಮೇಷ್ಟ್ರ ಹತ್ತಿರ ಓದುವುದಕ್ಕೋಸ್ಕರ ಪ್ಯಾರಿಸ್ಸಿನ ಹುಡುಗನೊಬ್ಬ ಕನ್ನಡ ಜಿಲ್ಲೆಯ ಹೊಳೆಗಳನ್ನು ದೋಣಿಯಲ್ಲಿ ದಾಟಿ ಹೋದ ಎಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸೂರತ್ ನಿಲ್ದಾಣದಿಂದ ಹೊರಗೆ ಬಂದರೆ ಜವಳಿ ಮೂಟೆಗಳ ಪ್ರಪಂಚ. ರಿಕ್ಷಾ, ಟೆಂಪೊ, ಸೈಕಲ್ಲು, ಎಲ್ಲದರ ಮೇಲೂ ಸೀರೆಯ ಗಂಟು. ನಾನ್‌ಪುರಾಕ್ಕೆ ಎಷ್ಟು ಎಂದು ಕೇಳಿದೆ. ರಿಕ್ಷಾದವರು ‘ಹಾಠ್ ರುಪಿಯಾ’ ಎಂದರು. ಸಾಠ್, ಅಂದರೆ ಅರವತ್ತು. ಸುರ್ತಿ ಆಡುಮಾತಿನಲ್ಲಿ ‘ಸ’ಕಾರ ‘ಹ’ಕಾರವಾಗುತ್ತದೆ ಎಂದು ಓದಿದ್ದೆ, ಕಿವಿಯಾರೆ ಕೇಳಿದ್ದು ಅದೇ ಮೊದಲು. ಸಾತ್ ಅಲ್ಲಿ ಹಾತ್, ಶುಂ ಛೆ ಅಲ್ಲಿ ಹುಂ ಛೆ, ಊರೇ ಹುರತ್. ಸಂಸ್ಕೃತದ ‘ಸ’ ಅವೆಸ್ತಾದಲ್ಲಿಯೂ ‘ಹ’ ಆಗುತ್ತದೆ: ಸಪ್ತ ಅಲ್ಲಿ ಹಪ್ತ, ಸೋಮ ಅಲ್ಲಿ ಹಓಮ, ಅಸುರ ಅಲ್ಲಿ ಅಹುರ. ಎರಡಕ್ಕೂ ಚಾರಿತ್ರಿಕವಾಗಿ ಸಂಬಂಧವಿಲ್ಲ, ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಆದರೂ ಅಹುರ ಎಂಬ ಶಬ್ದವನ್ನು ಯುರೋಪು ಮೊದಲು ಓದಿ ತಿಳಿದದ್ದು ‘ಸ’ವನ್ನು ‘ಹ’ ಮಾಡಿ ನುಡಿಯುವ ಈ ಊರಿನಿಂದ ಎಂಬುದು ನನಗೆ ಇಡೀ ದಿನ ತಲೆಯಲ್ಲಿ ಗುಂಯ್‌ಗುಡುತ್ತಿತ್ತು.

ತಾಪಿಯ ದಡದಲ್ಲಿ ಹಳೆಯ ಕೋಟೆ ನಿಂತಿದೆ. ಈಗ ದುರಸ್ತಿಯಾಗಿ ವಸ್ತುಸಂಗ್ರಹಾಲಯವಾಗಿದೆ. ಆಂಕ್ತಿಲ್ ಇಲ್ಲಿ ಓದುತ್ತಿದ್ದಾಗಲೇ, 1759ರ ಮಾರ್ಚಿನಲ್ಲಿ, ಇಂಗ್ಲಿಷರು ಈ ಕೋಟೆಯನ್ನು ವಶಮಾಡಿಕೊಂಡರು. ಊರಲ್ಲಿ ಫಿರಂಗಿ ಸದ್ದು, ಅವನು ಅದೇ ತಿಂಗಳಲ್ಲಿ ಅವೆಸ್ತಾದ ಅನುವಾದಕ್ಕೆ ಕೈಹಾಕಿದ. ಫ್ರೆಂಚರ ಕೋಠಿ ಇಲ್ಲಿ 1668ರಲ್ಲಿ ಶುರುವಾದದ್ದು. ಅದರ ಸಣ್ಣ ತುಂಡು ಜಾಗವನ್ನು ಫ್ರಾನ್ಸ್ ಭಾರತಕ್ಕೆ ಬಿಟ್ಟುಕೊಟ್ಟದ್ದು 1947ರ ಅಕ್ಟೋಬರಿನಲ್ಲಿ.

ಅವನಿಗೆ ಕಲಿಸಿದವರು ದಸ್ತೂರ್ ದಾರಾಬ್ ಕುಮಾನಾ. ಈ ಹೆಸರನ್ನು ನಾನು ಮೊದಲು ಹೇಳಬೇಕಾಗಿತ್ತು. 1720ರ ಹೊತ್ತಿಗೆ ಇರಾನಿನ ಕರ್ಮಾನಿನಿಂದ ಜಾಮಾಸ್ಪ್ ವಿಲಾಯತಿ ಎಂಬ ದೊಡ್ಡ ವಿದ್ವಾಂಸರು ಸೂರತ್ತಿಗೆ ಬಂದಿದ್ದರು. ಇಲ್ಲಿಯ ದಸ್ತೂರರ ಓದು ಸಡಿಲವಾದದ್ದು ಕಂಡು ಮೂವರನ್ನು ಆರಿಸಿ ಕಲಿಸಿದರು: ಸೂರತ್ತಿನಿಂದ ಒಬ್ಬರು, ನವಸಾರಿಯಿಂದ ಒಬ್ಬರು, ಭರೂಚಿನಿಂದ ಒಬ್ಬರು. ಸೂರತ್ತಿನವರೇ ದಾರಾಬ್. ಹೀಗೆ ಕರ್ಮಾನಿನಿಂದ ಬಂದ ವಿದ್ಯೆ ಒಬ್ಬ ಶಿಷ್ಯನ ಮೂಲಕ ಪ್ಯಾರಿಸ್ಸಿಗೆ ಹೋಯಿತು. ಗುರುಶಿಷ್ಯರಿಬ್ಬರಿಗೂ ಬರುತ್ತಿದ್ದ ಭಾಷೆ ಫಾರಸಿ. ದಾರಾಬರು ಅವೆಸ್ತಾದ ಸಾಲು ಓದಿ ಪಹಲವಿ ಭಾಷೆಯ ಸಾಂಪ್ರದಾಯಿಕ ಟೀಕೆಯ ಆಧಾರದಲ್ಲಿ ಫಾರಸಿಯಲ್ಲಿ ಅರ್ಥ ಹೇಳುವುದು, ಆಂಕ್ತಿಲ್ ಅದನ್ನು ಬರೆದುಕೊಳ್ಳುವುದು.

ಮೊದಮೊದಲು ದಾರಾಬರು ಹಿಂಜರಿದರು. ತಮ್ಮ ಪವಿತ್ರ ಗ್ರಂಥ ಅನ್ಯರ ಕೈಗೆ ಹೋಗಬಾರದೆಂಬ ಅಳುಕು ಸಹಜವಾದದ್ದೇ. ಆಂಕ್ತಿಲ್ ತಾನೇ ಬರೆದುಕೊಂಡಂತೆ, ದಾರಾಬರು ಕೊಟ್ಟ ಪ್ರತಿ ಪೂರ್ಣವಾಗಿರಲಿಲ್ಲ. ಆ ಕಾಲಕ್ಕೆ ಸೂರತ್ತಿನ ಪಾರ್ಸಿಗಳಲ್ಲಿ ಪಂಚಾಂಗದ ಲೆಕ್ಕದ ಬಗ್ಗೆ ಎರಡು ಪಂಗಡಗಳಾಗಿ ಜಗಳ ನಡೆದಿತ್ತು. ಎದುರು ಪಂಗಡದ ಮುಖಂಡ ಮಂಚೇರ್ಜಿ ಡಚ್ಚರ ದಲ್ಲಾಳಿ. ಡಚ್ ಕೋಠಿಯ ಮುಖ್ಯಸ್ಥನ ಮೂಲಕ ಮಂಚೇರ್ಜಿಯವರ ಪ್ರತಿ ಸಿಕ್ಕಿತು. ಆಂಕ್ತಿಲ್ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸಾಲು ಸಾಲು ತಾಳೆ ನೋಡಿ, ಬಿಟ್ಟುಹೋದದ್ದನ್ನು ಗುರುತು ಮಾಡಿ ಗುರುವಿನ ಮುಂದಿಟ್ಟ. ಅಲ್ಲಿಂದ ಮುಂದೆ ದಾರಾಬರು ಏನನ್ನೂ ಮುಚ್ಚಿಡಲಿಲ್ಲ.

ಆಂಕ್ತಿಲ್‌ನ ತಪ್ಪುಗಳನ್ನು ಬಿಟ್ಟು ಹೇಳಿದರೆ ಕಥೆ ಸುಳ್ಳಾಗುತ್ತದೆ. ಸೂರತ್ತಿನಲ್ಲಿ ಇನ್ನೊಬ್ಬ ಫ್ರೆಂಚನೊಡನೆ ಕತ್ತಿ ಹಿಡಿದು ಜಗಳವಾಗಿ ಆ ಮನುಷ್ಯ ಸತ್ತ. ಆಂಕ್ತಿಲ್ ಇಂಗ್ಲಿಷರ ಆಶ್ರಯದಲ್ಲಿ ತಲೆ ಉಳಿಸಿಕೊಂಡ. ಪಾರ್ಸಿಯ ವೇಷದಲ್ಲಿ ಅಗ್ಯಾರಿ ಎಂಬ ಅಗ್ನಿಮಂದಿರದೊಳಗೆ ಹೋಗಿ ಬಂದೆನೆಂದು ಬರೆದುಕೊಂಡಿದ್ದಾನೆ. ಅದನ್ನು ನಾನು ಮೆಚ್ಚಲಾರೆ. ಶಾಹಪುರದಲ್ಲಿ ಅಗ್ಯಾರಿಯ ಮುಂದೆ ಹಾದು ಹೋಗುವಾಗ ಪಾರ್ಸಿಯರಲ್ಲದವರಿಗೆ ಪ್ರವೇಶವಿಲ್ಲ ಎಂಬ ಫಲಕ ಓದಿ, ಗೇಟಿನ ಹೊರಗಿನಿಂದಲೇ ಕೈಮುಗಿದು ಮುಂದೆ ನಡೆದೆ.

ನಾನ್‌ಪುರಾದಲ್ಲಿ ದೋಟಿವಾಲಾ ಬೇಕರಿ ಇದೆ. ಡಚ್ಚರ ರೊಟ್ಟಿ ಒಲೆಗಳಿಂದ ಬೆಳೆದು ಬಂದದ್ದು ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ದೋಟಿ ಎಂಬುದು ಇಲ್ಲಿಯ ಒಂದು ಬಗೆಯ ರೊಟ್ಟಿ, ಅದೇ ಮನೆತನದ ಅಟಕ್ ಆಯಿತು. ಸುರ್ತಿ ಬತಾಸಾ ಕೊಂಡೆ. ಬತಾಸು ಅಂದ ಕೂಡಲೇ ಜಾತ್ರೆಯ ಸಕ್ಕರೆ ಬಿಲ್ಲೆ ನೆನಪಾಗಬಾರದು. ಇದು ಜೀರಿಗೆ ಹಾಕಿದ, ಉಪ್ಪುಪ್ಪಾದ, ಗರಿಗರಿ ಒಣಗಿದ ಪುಟ್ಟ ಉಂಡೆ. ಹತ್ತಿರದ ಚಹಾ ಅಂಗಡಿಯ ಬೆಂಚಿನ ಮೇಲೆ ಕುಳಿತು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಾಗ ಪಕ್ಕದಲ್ಲಿದ್ದ ವಯಸ್ಸಾದ ಪಾರ್ಸಿ ಹಿರಿಯರೊಬ್ಬರು, ‘ಇನ್ನೂ ಸ್ವಲ್ಪ ಹೊತ್ತು ಅದ್ದಿ ಹಿಡಿ ದೀಕರಾ, ಒಳಗೆ ಚಹಾ ಇಳಿಯಬೇಕು’ ಅಂದರು. ದೀಕರಾ ಅಂದರೆ ಮಗನೇ. ಮಾತಿಗೆ ಮಾತು ಬೆಳೆಯಿತು. ಯಾಕೆ ಬಂದೆ ಎಂದು ಕೇಳಿದರು. ಆಂಕ್ತಿಲ್ ಎಂಬವನ ಹೆಸರು ಹೇಳಿದೆ. ಅವರಿಗೆ ಗೊತ್ತಿತ್ತು. ‘ಅವನ ಅಟಕ್‌ಗೆ ಅರ್ಥ ಏನು?’ ಎಂದು ಕೇಳಿದರು. ಗುಜರಾತು ಗುಜರಾತೇ.

ಎದುರಿಗೆ ಸ್ಟೋವಿನ ಮೇಲೆ ಮಸಿ ಹಿಡಿದ ಚಹಾದ ಕೆಟಲು ಕುದಿಯುತ್ತಿತ್ತು. ಅದನ್ನೇ ತೋರಿಸಿದೆ.

ಒಂಬತ್ತು ಹತ್ತನೆಯ ಶತಮಾನಗಳಲ್ಲಿ ಸ್ಕ್ಯಾಂಡಿನೇವಿಯಾದ ನಾವಿಕರು ಫ್ರಾನ್ಸಿನ ಉತ್ತರ ತೀರಕ್ಕೆ ದಾಳಿಯಿಟ್ಟು ಬಂದು ಅಲ್ಲಿಯೇ ನೆಲೆಸಿದರು. 911ರಲ್ಲಿ ಅವರ ಮುಖಂಡ ರೋಲೋಗೆ ಫ್ರಾನ್ಸಿನ ದೊರೆ ಕೊಟ್ಟ ನೆಲವೇ ಮುಂದೆ ನಾರ್ಮಂಡಿ ಆಯಿತು. ಒಂದೆರಡು ತಲೆಮಾರಿನಲ್ಲಿ ಅವರ ಭಾಷೆ ಹೋಯಿತು, ಹೆಸರುಗಳು ಉಳಿದವು. ಆಸ್ಕೆಟಿಲ್ ಎಂಬುದು ಅಂಥ ಒಂದು ಹೆಸರು. ಆಸ್ ಎಂದರೆ ದೇವರು, ಓಡಿನ್, ಥೋರ್ ಮೊದಲಾದವರು ಸೇರಿದ ದೇವಗಣದವನು. ಕೆಟಿಲ್ ಎಂದರೆ ಕೊಪ್ಪರಿಗೆ, ಬಲಿಯ ಅಡುಗೆ ಬೇಯುತ್ತಿದ್ದ ದೊಡ್ಡ ಪಾತ್ರೆ ಇರಬಹುದು. ಇಂಗ್ಲಿಷಿನ ಕೆಟಲ್ ಅದೇ ಶಬ್ದ. ನಾರ್ಮಂಡಿಯಲ್ಲಿ ದಾಖಲೆ ಬರೆಯುವವರು ಅದನ್ನು ತಮಗೆ ರೂಢಿಯಿದ್ದ ‘ಆನ್ಸ್’ ರೂಪಕ್ಕೆ ಹೊಂದಿಸಿ ಆನ್ಸ್ಕೆಟಿಲ್ ಎಂದು ಬರೆದರು. ನಾಲಿಗೆಯ ಮೇಲೆ ಸವೆದು ಸವೆದು ಆಂಕ್ತಿಲ್ ಆಯಿತು. ದೇವರ ಕೊಪ್ಪರಿಗೆ. ಇದರ ಜೊತೆಯದೇ ತುರ್ಕ್‌ತಿಲ್ ಎಂಬ ನಾರ್ಮನ್ ಅಡ್ಡಹೆಸರೂ ಇದೆ, ಅದು ಥೋರ್ ದೇವರ ಕೊಪ್ಪರಿಗೆ. ನಾರ್ಮನ್ನರು ಇಂಗ್ಲೆಂಡಿಗೂ ಐರ್ಲೆಂಡಿಗೂ ಹೋದಾಗ ಹೆಸರು ಅವರ ಜೊತೆ ಹೋಗಿ ಆಂಕೆಟೆಲ್ ಆಯಿತು. ಸೈಕಲ್ ಓಟದ ಅಭಿಮಾನಿಗಳಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತು: ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಐದು ಸಲ ಗೆದ್ದ ಮೊದಲಿಗ ಜಾಕ್ ಆಂಕ್ತಿಲ್ ನಾರ್ಮಂಡಿಯ ರುವಾಂ ನಗರದ ಪಕ್ಕದಲ್ಲಿ ಹುಟ್ಟಿದವನು. 1957ರಲ್ಲಿ ಒಮ್ಮೆ, ಆಮೇಲೆ 1961ರಿಂದ 64ರವರೆಗೆ ಸತತ ನಾಲ್ಕು ಸಲ.

ಹೆಸರನ್ನು ಬಳಸುವ ರೀತಿಯೂ ಗಮನಿಸಬೇಕಾದದ್ದು. ಅಣ್ಣತಮ್ಮಂ­ದಿರಲ್ಲಿ ಮೂವರು ಹೆಸರುವಾಸಿಯಾದರು. ಅಣ್ಣ ಲೂಯಿ ಪಿಯೆರ್ ಇತಿಹಾಸಕಾರ, ಅವನು ಬರೀ ಆಂಕ್ತಿಲ್. ನಮ್ಮವನಿಗೆ ಅಪ್ಪನ ಜಮೀನೊಂದರ ಹೆಸರು ಸೇರಿಸಿ ಆಂಕ್ತಿಲ್ ದುಪೆರೋನ್ ಎಂದರು. ಮತ್ತೊಬ್ಬ ಸಹೋದರ ಸೂರತ್ತಿನ ಫ್ರೆಂಚ್ ಕೋಠಿಯ ಮುಖ್ಯಸ್ಥನಾದವನು, ಆಂಕ್ತಿಲ್ ದ ಬ್ರಿಯಾಂಕೂರ್. ಒಂದೇ ಮನೆಯವರನ್ನು ಬೇರೆ ಮಾಡಿ ಗುರುತಿಸಲು ಹೊಲದ ಹೆಸರು, ಊರಿನ ಹೆಸರು ಅಂಟಿಸುವ ಈ ಪದ್ಧತಿಯನ್ನು ಪಾರ್ಸಿ ಹಿರಿಯರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅವರ ಅಟಕ್ಕೂ ಒಂದು ಊರೇ.

‘ಆಸ್ ಅಂದರೆ ದೇವರು’ ಎಂಬಲ್ಲಿಗೆ ಬಂದಾಗ ನಾನೇ ಒಂದು ಕ್ಷಣ ತಡೆದೆ. ಯಾಕೆಂದರೆ ನಾನು ಸೂರತ್ತಿಗೆ ಬಂದದ್ದೇ ಆ ಒಂದು ಅಕ್ಷರಕ್ಕೆ. ಆ ಶಬ್ದದ ಹಳೆಯ ಜರ್ಮಾನಿಕ್ ರೂಪ ಅನ್ಸುಸ್. ಸಂಸ್ಕೃತದ ಅಸುರ, ಅವೆಸ್ತಾದ ಅಹುರ ಇದರ ದಾಯಾದಿಗಳು ಎಂದು ಭಾಷಾವಿಜ್ಞಾನಿಗಳಲ್ಲಿ ಬಹುಮಂದಿ ತಿಳಿಯುತ್ತಾರೆ. ನಮಗೆ ಅಸುರ ಎಂದರೆ ಮಹಿಷಾಸುರ, ಬಕಾಸುರ, ಯಕ್ಷಗಾನದ ಬಣ್ಣದ ವೇಷ. ಋಗ್ವೇದದಲ್ಲಿ ಹಾಗಲ್ಲ, ವರುಣನಂಥ ದೇವತೆಗೆ ಅಸುರ ಎಂಬುದು ಗೌರವದ ವಿಶೇಷಣ, ಒಡೆಯ ಎಂಬ ಅರ್ಥ. ಅದೇ ಶಬ್ದ ಇರಾನಿಗೆ ಹೋಗಿ ಪಾರ್ಸಿಗಳ ಪ್ರವಾದಿ ಜರತುಷ್ಟ್ರನ ಬಾಯಲ್ಲಿ ಪರಮದೇವರಾಯಿತು, ಅಹುರ ಮಜ್ದಾ. ಬಡಗಣ ಸಮುದ್ರದ ಹಿಮದ ನಾಡಿಗೆ ಹೋಗಿ ಓಡಿನ್ನನ ಕುಲದ ಹೆಸರಾಯಿತು. ಅಲ್ಲಿಂದ ದೋಣಿಯಲ್ಲಿ ನಾರ್ಮಂಡಿಗೆ ಇಳಿದು, ಪ್ಯಾರಿಸ್ಸಿನ ಸಂಬಾರದ ಅಂಗಡಿಯೊಂದರ ಮಾಲೀಕನ ಅಡ್ಡಹೆಸರಿನಲ್ಲಿ ಅಡಗಿ ಕುಳಿತಿತ್ತು. ಆ ಅಂಗಡಿಯ ಮಗ, ತನ್ನ ಹೆಸರಿನಲ್ಲಿ ಅಹುರನ ದಾಯಾದಿಯನ್ನು ಹೊತ್ತುಕೊಂಡು, ಅದರ ಸುಳಿವೇ ಇಲ್ಲದೆ, ಅರ್ಧ ಭೂಮಿ ಸುತ್ತಿ ಬಂದು ಅಹುರ ಮಜ್ದಾನ ಗ್ರಂಥ ಕೊಡಿ ಎಂದು ಕೇಳಿದ. ಕೊಟ್ಟ ಗುರುವಿಗೂ ಸುಳಿವಿರಲಿಲ್ಲ.

ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಓಸ್ವಾಲ್ಡ್ ಎಂದು ಹೆಸರಿಡುತ್ತಾರಲ್ಲ, ಅದರ ‘ಓಸ್’ ಕೂಡ ಇದೇ ಶಬ್ದ. ದೇವರ ಬಲ ಎಂದು ಅರ್ಥ.

ಹಿರಿಯರು ಬಹಳ ಹೊತ್ತು ಕೆಟಲಿನ ಕಡೆಗೇ ನೋಡುತ್ತಿದ್ದರು. ಆಮೇಲೆ, ಅಗ್ಯಾರಿಯಲ್ಲಿ ಪವಿತ್ರ ಅಗ್ನಿ ಇರುವುದೂ ಒಂದು ಪಾತ್ರೆಯಲ್ಲೇ, ಅದಕ್ಕೆ ಆಫರ್ಗನ್ಯು ಅನ್ನುತ್ತೇವೆ ಎಂದರು. ‘ನಮ್ಮದೂ ದೇವರ ಪಾತ್ರೆಯೇ.’ ಇದು ನನಗೆ ಹೊಳೆದಿರಲಿಲ್ಲ.

ಮರುದಿನ ಕತಾರಗಾಮ್ ದರವಾಜಾದ ಹತ್ತಿರದ ಇಂಗ್ಲಿಷ್ ಗೋರಿಗಳನ್ನು ನೋಡಲು ಹೋದೆ. ಸುತ್ತ ಗಿಜಿಗುಟ್ಟುವ ಬೀದಿ, ಒಳಗೆ ಕಾಲಿಟ್ಟರೆ ಗುಮ್ಮಟಗಳ ಊರು. ಸೂರತ್ತಿನ ವ್ಯಾಪಾರಿಗಳು ಸತ್ತಮೇಲೆ ನವಾಬರಂತೆ ಮಲಗಿದ್ದಾರೆ. ಎಲ್ಲಕ್ಕಿಂತ ದೊಡ್ಡದು ಆಕ್ಸೆಂಡನ್ ಸಹೋದರರದು. 1659ರಲ್ಲಿ ಕ್ರಿಸ್ಟೋಫರ್ ತೀರಿಕೊಂಡ, 1669ರಲ್ಲಿ ಜಾರ್ಜ್. ಎರಡು ಅಂತಸ್ತು, ದಪ್ಪ ಕಂಬಗಳು, ಮೇಲೆ ಗುಮ್ಮಟ. ಕಂಬದ ಗಾರೆಯ ಮೇಲೆ ಕೈ ಆಡಿಸಿದರೆ ಬಿಸಿಲಿಗೆ ಬೆಚ್ಚಗಿತ್ತು, ಸಂದಿನಲ್ಲಿ ಅರಳಿಯ ಎಳೆ ಗಿಡ ಚಿಗುರಿತ್ತು.

ಜಾರ್ಜ್ ಆಕ್ಸೆಂಡನ್ನನ ನಂತರ ಬಂದ ಇಂಗ್ಲಿಷ್ ಕೋಠಿಯ ಅಧ್ಯಕ್ಷ ಜೆರಾಲ್ಡ್ ಔಂಜಿಯರ್. ಮುಂಬಯಿಯನ್ನು ನಗರವಾಗಿ ಕಟ್ಟಿದವರಲ್ಲಿ ಮೊದಲಿಗ, 1677ರ ಜೂನ್ 30ರಂದು ಸೂರತ್ತಿನಲ್ಲೇ ತೀರಿಕೊಂಡ. ಶಾಸನವಿಲ್ಲದ ಗೋರಿಗಳಲ್ಲಿ ಒಂದನ್ನು ಅವನದೆಂದು ಊಹಿಸಿದವರಿದ್ದಾರೆ. ನಮ್ಮ ಸೀಮೆಯವರಿಗೆ ಅವನ ನಂಟು ಇನ್ನೊಂದಿದೆ. 1673ರಲ್ಲಿ ಮರಾಠರು ಹುಬ್ಬಳ್ಳಿಯನ್ನು ಲೂಟಿ ಮಾಡಿದಾಗ ಅಲ್ಲಿದ್ದ ಇಂಗ್ಲಿಷರ ಸರಕೂ ಹೋಯಿತು. ಪರಿಹಾರ ಕೇಳಿ ಶಿವಾಜಿಯೊಡನೆ ವ್ಯವಹರಿಸಿದ್ದು ಇದೇ ಔಂಜಿಯರನ ಆಡಳಿತ. 1674ರಲ್ಲಿ ರಾಯಗಡದ ಪಟ್ಟಾಭಿಷೇಕಕ್ಕೆ ಹೆನ್ರಿ ಆಕ್ಸೆಂಡನ್ನನನ್ನು ಕಳಿಸಿದ್ದೂ ಅವನೇ.

ಔಂಜಿಯರನ ಅಡ್ಡಹೆಸರೂ ಅಪರೂಪದ್ದು, ಅದೂ ಫ್ರೆಂಚಿನಿಂದ ಬಂದದ್ದು. ಡಬ್ಲಿನ್ ನಗರದಲ್ಲಿ ಅವನ ಅಣ್ಣ ಹಾಕಿಸಿದ ಬೀದಿಗೆ ಈಗಲೂ ಅದೇ ಹೆಸರಿದೆ, ಊರವರು ಏಂಜರ್ ಎನ್ನುತ್ತಾರೆ. ಹೆಸರಿಗೆ ಎರಡು ಮೂಲ ಹೇಳುತ್ತಾರೆ. ಒಂದು, ಫ್ರಾನ್ಸಿನ ಆಂಜೆ ಪಟ್ಟಣದವನು ಎಂದು, ನಮ್ಮ ಗೋಕಾಕರ ಹಾಗೆ. ಇನ್ನೊಂದು, ಆನ್ಸ್‌ಗೇರ್ ಎಂಬ ಹಳೆಯ ಫ್ರಾಂಕಿಷ್ ಹೆಸರಿನಿಂದ. ಗೇರ್ ಎಂದರೆ ಭರ್ಜಿ. ಆನ್ಸ್ ಎಂದರೆ ಮತ್ತೆ ಅದೇ ದೇವರು. ಯಾವುದು ಸರಿ ಎಂದು ತೀರ್ಮಾನ ಹೇಳುವುದು ಕಷ್ಟ. ನನ್ನ ಮನಸ್ಸು ಭರ್ಜಿಯ ಕಡೆಗೇ ವಾಲಿತು, ಯಾಕೆಂದರೆ ಆಗ ಸೂರತ್ತಿಗೆ ದೇವರ ಕೊಪ್ಪರಿಗೆಯೂ ಬಂದಿತ್ತು, ಎಂಬತ್ತಕ್ಕೂ ಹೆಚ್ಚು ವರ್ಷ ಮೊದಲು ದೇವರ ಭರ್ಜಿಯೂ ಬಂದಿತ್ತು ಎಂದಾಗುತ್ತದೆ.

ಪಕ್ಕದ ಡಚ್ ಗೋರಿಗಳಲ್ಲಿ ವಾನ್ ರೀಡ್ ಮಲಗಿದ್ದಾನೆ. ಮಲಬಾರಿನ ಗಿಡಮರಗಳ ಮೇಲೆ ಹನ್ನೆರಡು ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಮಾಡಿಸಿದವನು. ಆ ಕೆಲಸಕ್ಕೆ ನೆರವಾದವರಲ್ಲಿ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರಿದ್ದರು, ಅವರ ಹೆಸರು ಗ್ರಂಥದಲ್ಲಿಯೇ ಅಚ್ಚಾಗಿದೆ. ಈ ಮಾತು ಯಾಕೆ ತಂದೆ ಅಂದರೆ, ಕಲಿಸಿದವರ ಹೆಸರು ಉಳಿಯುವುದು ಯಾವಾಗಲೂ ಆಗುವ ಕೆಲಸವಲ್ಲ. ದಾರಾಬ್ ಕುಮಾನಾರ ಹೆಸರು ಉಳಿದದ್ದು ಆಂಕ್ತಿಲ್ ಅದನ್ನು ಬರೆದಿಟ್ಟದ್ದರಿಂದ. ಅವನ ಲೆಕ್ಕಕ್ಕೆ ಜಮೆಯಾಗಬೇಕಾದ ದೊಡ್ಡ ಪುಣ್ಯ ಅದು.

1761ರ ಮಾರ್ಚಿನಲ್ಲಿ ಅವನು ಇಂಗ್ಲಿಷ್ ಹಡಗು ಹತ್ತಿ ಸೂರತ್ ಬಿಟ್ಟ. ಇಂಗ್ಲೆಂಡಿನಲ್ಲಿ ಇಳಿದು ಮೊದಲು ಆಕ್ಸ್‌ಫರ್ಡಿಗೆ ಹೋಗಿ, ತನ್ನನ್ನು ಊರು ಬಿಡಿಸಿದ ಆ ಸರಪಳಿಯ ಹಸ್ತಪ್ರತಿಯೊಡನೆ ತನ್ನ ಪ್ರತಿಯನ್ನು ತಾಳೆ ನೋಡಿಕೊಂಡ. 1762ರ ಮಾರ್ಚ್ 15ರಂದು ಪ್ಯಾರಿಸ್ಸಿನಲ್ಲಿ ದೊರೆಯ ಗ್ರಂಥಾಲಯಕ್ಕೆ 180 ಹಸ್ತಪ್ರತಿಗಳನ್ನು ಒಪ್ಪಿಸಿದ. 1771ರಲ್ಲಿ ಅವನ ಅನುವಾದ ‘ಜೆಂದ್ ಅವೆಸ್ತಾ’ ಮೂರು ಸಂಪುಟಗಳಲ್ಲಿ ಹೊರಬಂತು.

ಬಂದದ್ದು ಬೈಗುಳ. ಇಪ್ಪತ್ತೈದರ ಇಂಗ್ಲಿಷ್ ವಿದ್ವಾಂಸ ವಿಲಿಯಂ ಜೋನ್ಸ್ ಫ್ರೆಂಚಿನಲ್ಲಿಯೇ ಒಂದು ಕಿರುಹೊತ್ತಗೆ ಬರೆದು, ಇಂಥ ಬರಹ ಜರತುಷ್ಟ್ರನಂಥ ಜ್ಞಾನಿಯದಾಗಿರಲು ಸಾಧ್ಯವಿಲ್ಲ, ಈತ ಮೋಸಹೋಗಿದ್ದಾನೆ ಎಂದು ಜರೆದ. ಆಂಕ್ತಿಲ್‌ನ ಅನುವಾದದಲ್ಲಿ ತಪ್ಪುಗಳು ಇದ್ದದ್ದು ನಿಜ. ದಾರಾಬರು ಹೇಳಿದ್ದು ಪಹಲವಿಯ ಪರಂಪರೆಯ ಅರ್ಥ, ಅವೆಸ್ತಾದ ವ್ಯಾಕರಣ ಆಗ ಯಾರಿಗೂ ತಿಳಿದಿರಲಿಲ್ಲ. ಆದರೆ ಗ್ರಂಥ ಖೋಟಾ ಅಲ್ಲ. ಅದೇ ಜೋನ್ಸ್ ಕಲ್ಕತ್ತೆಗೆ ಬಂದು ಸಂಸ್ಕೃತ ಕಲಿತ ಮೇಲೆ, 1789ರಲ್ಲಿ, ಆಂಕ್ತಿಲ್ ಕೊಟ್ಟ, ಆಗ ಜೆಂದ್ ಎನ್ನುತ್ತಿದ್ದ ಅವೆಸ್ತಾ ಭಾಷೆಯ ಶಬ್ದಪಟ್ಟಿಯನ್ನು ಓದಿದಾಗ ಹತ್ತರಲ್ಲಿ ಆರೇಳು ಶಬ್ದ ಶುದ್ಧ ಸಂಸ್ಕೃತವೇ ಆಗಿದ್ದದ್ದು ಕಂಡು ಹೇಳಲಾರದಷ್ಟು ಬೆರಗಾಯಿತೆಂದು ಒಪ್ಪಿಕೊಂಡ. 1826ರಲ್ಲಿ ಡೆನ್ಮಾರ್ಕಿನ ರಾಸ್ಮಸ್ ರಾಸ್ಕ್ ಅವೆಸ್ತಾ ಭಾಷೆಯ ಪ್ರಾಚೀನತೆಯನ್ನು ಸಿದ್ಧಮಾಡಿ ತೋರಿಸಿದ. 1833ರಲ್ಲಿ ಬರ್ನೂಫ್ ಅವೆಸ್ತಾದ ಯಸ್ನ ಭಾಗದ ಮೇಲೆ ವ್ಯಾಖ್ಯಾನ ಬರೆದ, ಅದೇ ವರ್ಷ ಫ್ರಾಂಜ್ ಬಾಪ್‌ನ ತೌಲನಿಕ ವ್ಯಾಕರಣದ ಮೊದಲ ಭಾಗ ಬಂತು. ಅದರ ಹೆಸರಿನಲ್ಲಿ ಸಂಸ್ಕೃತದ ಪಕ್ಕದಲ್ಲೇ ಜೆಂದ್ ಇದೆ.

ಸಂಸ್ಕೃತ, ಅವೆಸ್ತಾ, ಹಳೆಯ ಜರ್ಮಾನಿಕ್ ಭಾಷೆಗಳನ್ನು ಒಟ್ಟಿಗೆ ಇಟ್ಟು ನೋಡುವ ಈ ಶಾಸ್ತ್ರ ಬೆಳೆದ ಮೇಲೆಯೇ ಅಸುರ, ಅಹುರ, ಆನ್ಸ್ ಮೂರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಲು ಸಾಧ್ಯವಾದದ್ದು. ಆ ಶಾಸ್ತ್ರಕ್ಕೆ ಅವೆಸ್ತಾವನ್ನು ಒದಗಿಸಿದವನು ಆಂಕ್ತಿಲ್. ಅಂದರೆ ಅವನ ಅಡ್ಡಹೆಸರಿನ ಪೂರ್ತಿ ಅರ್ಥ ಬಿಡಿಸುವ ಬೀಗದ ಕೈಯನ್ನು ಸೂರತ್ತಿನಿಂದ ಹೊತ್ತು ತಂದವನು ಅವನೇ. ಅದನ್ನು ತಿರುಗಿಸಿ ನೋಡುವ ಕಾಲಕ್ಕೆ ಅವನು ಇರಲಿಲ್ಲ, ಅಷ್ಟೇ. ಕೊನೆಯ ವರ್ಷಗಳಲ್ಲಿ ಪ್ಯಾರಿಸ್ಸಿನಲ್ಲಿ ರೊಟ್ಟಿ, ಹಾಲು, ಚೀಸು ತಿಂದುಕೊಂಡು ಬಡತನದಲ್ಲಿ ಬದುಕಿ, ಮೊಘಲ್ ರಾಜಕುಮಾರ ದಾರಾ ಶಿಕೋಹನ ಫಾರಸಿ ಅನುವಾದದಿಂದ ಐವತ್ತು ಉಪನಿಷತ್ತುಗಳನ್ನು ಲ್ಯಾಟಿನ್ನಿಗೆ ತಂದ. 1801-02ರಲ್ಲಿ ಅಚ್ಚಾದ ಆ ‘ಔಪ್ನೆಖಟ್’ ಓದಿಯೇ ಜರ್ಮನ್ ತತ್ತ್ವಜ್ಞಾನಿ ಷೋಪೆನ್‌ಹೌವರ್ ಉಪನಿಷತ್ತಿಗೆ ಮಾರುಹೋದದ್ದು. 1805ರ ಜನವರಿ 17ರಂದು ಆಂಕ್ತಿಲ್ ತೀರಿಕೊಂಡ. ಯುರೋಪಿಗೆ ಅಹುರನನ್ನು ಪರಿಚಯಿಸಿದ್ದೂ ಅವನೇ, ಉಪನಿಷತ್ತಿನ ಬ್ರಹ್ಮವನ್ನು ಪರಿಚಯಿಸಿದ್ದೂ ಅವನೇ. ಒಬ್ಬ ಮನುಷ್ಯನ ಆಯುಷ್ಯಕ್ಕೆ ಇಷ್ಟು ಸಾಕು.

ಸೂರತ್ತಿನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದ ನವಸಾರಿ ಒಂದು ಕಾಲಕ್ಕೆ ವಡೋದರಾದ ಗಾಯಕವಾಡರ ರಾಜ್ಯಕ್ಕೇ ಸೇರಿತ್ತು. ಜಾಮಾಸ್ಪ್ ವಿಲಾಯತಿಯವರ ಮೂವರು ಶಿಷ್ಯರಲ್ಲಿ ಒಬ್ಬರ ಊರು. ಜಮ್ಶೇಟ್‌ಜಿ ಟಾಟಾ ಹುಟ್ಟಿದ ಊರು. ಅಲ್ಲಿಯ ತರೋಟಾ ಬಜಾರಿನಲ್ಲಿ, ಅಕ್ಬರನ ಆಸ್ಥಾನಕ್ಕೆ ಹೋಗಿದ್ದ ಮೊದಲ ದಸ್ತೂರ್ ಮೆಹರ್ಜಿ ರಾಣಾ ಅವರ ಹೆಸರಿನ ಗ್ರಂಥಾಲಯ 1872ರಿಂದ ನಡೆದು ಬಂದಿದೆ. ದಾರಾಬರ ಕಾಲದ ದಸ್ತೂರರು ಓದಿದಂಥ ಅವೆಸ್ತಾ, ಪಹಲವಿ ಹಸ್ತಪ್ರತಿಗಳನ್ನು ಜೋಪಾನ ಮಾಡಿದ ಜಾಗ ಅದು. ಸೀರೆಯ ವ್ಯಾಪಾರಕ್ಕೆ, ನೌಕರಿಗೆ, ನೆಂಟರ ಮನೆಗೆ ಎಂದು ಸೂರತ್ತಿಗೂ ವಡೋದರಾಕ್ಕೂ ಹೋಗುವ ಕನ್ನಡಿಗರು ಬಹಳ. ಈ ಸಲ ಹೋದಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಂಡು ಕತಾರಗಾಮಿನ ಗೋರಿಗಳನ್ನೂ ನವಸಾರಿಯ ಈ ಗ್ರಂಥಾಲಯವನ್ನೂ ದಯವಿಟ್ಟು ನೋಡಿ ಬನ್ನಿ.